ಕಪ್ಪಾದ ಬೆಣ್ಣೆಹಣ್ಣು

ಬೊಮ್ಮಸಂದ್ರದ ಕಾರ್ಖಾನೆಗಳ ನಡುವೆ ಒಂದು ಹಣ್ಣಿನ ಗೋಡೌನ್ ಇದೆ. ನಾನು ಕೆಲಸಕ್ಕೆ ಹೋಗುವುದು ಅಲ್ಲಿಗೆ. ಹೊರಗೆ ಬಿಸಿಲು ನೆತ್ತಿ ಸುಡುತ್ತಿದ್ದರೂ ಒಳಗೆ ಸ್ವೆಟರ್, ಅದರ ಮೇಲೊಂದು ಕೋಟು, ಕಾಲಿಗೆ ಎರಡು ಜೊತೆ ಸಾಕ್ಸ್. ಸಮುದ್ರದಾಚೆಯಿಂದ ಬಂದ ಪೆಟ್ಟಿಗೆಗಳನ್ನು ಒಡೆಯಬೇಕು, ಕೆಟ್ಟ ಹಣ್ಣನ್ನು ಆರಿಸಿ ತೆಗೆಯಬೇಕು, ಒಳ್ಳೆಯದನ್ನು ಬಲೆಚೀಲಕ್ಕೋ ಅಂಗಡಿಗೆ ಹೋಗುವ ಪ್ಲಾಸ್ಟಿಕ್ ಪೆಟ್ಟಿಗೆಗೋ ತುಂಬಿ ಚೀಟಿ ಅಂಟಿಸಬೇಕು. ಸೇಬು, ಕಿವಿ, ದ್ರಾಕ್ಷಿ, ಬೆಣ್ಣೆಹಣ್ಣು. ಪೆಟ್ಟಿಗೆಯ ಮೇಲೆ ಯಾವ ದೇಶದ್ದೆಂದು ಇಂಗ್ಲಿಷಿನಲ್ಲಿ ಬರೆದಿರುತ್ತದೆ. ಮೊದಮೊದಲು ಅಕ್ಷರ ಕೂಡಿಸಿ ಓದಿ, ಅಬ್ಬಾ, ಎಲ್ಲಿಂದ ಎಲ್ಲಿಗೆ ಬಂತಪ್ಪಾ ಇದು ಎಂದು ಬೆರಗಾಗುತ್ತಿದ್ದೆ. ಈಗ ಓದುವುದನ್ನೇ ಬಿಟ್ಟಿದ್ದೇನೆ. ಯಾವ ದೇಶದ್ದಾದರೇನು, ದಿನವಿಡೀ ನಿಂತು ನೋಯುವುದು ನನ್ನ ಸೊಂಟವೇ.

ನಮ್ಮ ಮನೆ ಹೊಸೂರು ರಸ್ತೆಯಿಂದ ಒಳಗೆ, ಚಂದಾಪುರದ ಕಡೆ. ನಾವು ಆ ಜಾಗವನ್ನು ಊರು ಎನ್ನುತ್ತೇವೆ, ಬಾಡಿಗೆಗೆ ಬಂದವರಿಗೆ ಅದೊಂದು ಕ್ರಾಸು. ಹೊಲವೆಲ್ಲ ನಾನು ಮದುವೆಯಾಗಿ ಬರುವ ಮುಂಚೆಯೇ ಕಾರ್ಖಾನೆಗಳಿಗೆ ಹೋಗಿತ್ತು. ಉಳಿದದ್ದು ಮನೆಯ ಹಿಂದಿನ ತುಂಡು ಜಾಗ, ಅದರಲ್ಲಿ ಮಾವ ನೆಟ್ಟ ನಾಲ್ಕು ಬೆಣ್ಣೆಹಣ್ಣಿನ ಮರ. ಮಾವ ತೀರಿಕೊಂಡ ಮೇಲೆ ಆ ಮರಗಳು ಅತ್ತೆಯವಾದವು. ಕಾಗದದಲ್ಲಿ ಯಾರೂ ಬರೆದುಕೊಟ್ಟಿರಲಿಲ್ಲ. ಆದರೆ ಅತ್ತೆಯನ್ನು ಕೇಳದೆ ಒಂದು ಎಲೆ ಕೀಳುವ ಧೈರ್ಯ ನನ್ನ ಗಂಡನಿಗೂ ಇರಲಿಲ್ಲ.

ಬೆಣ್ಣೆಹಣ್ಣು ಮರದಲ್ಲಿ ಹಣ್ಣಾಗುವುದಿಲ್ಲ. ಕಲ್ಲಿನಂತಿರುವಾಗಲೇ ಕಿತ್ತು, ಹುಲ್ಲಿನಲ್ಲಿಟ್ಟು ಕಾಯಬೇಕು. ಮಳೆಗಾಲ ಶುರುವಾದ ಮೇಲೆ ಮರ ಹತ್ತುವವನೊಬ್ಬ ಬಂದು ದೋಟಿಯಲ್ಲಿ ಕಾಯಿ ಇಳಿಸಿ ಹೋಗುತ್ತಿದ್ದ. ಅತ್ತೆ ಒಂದೊಂದನ್ನೂ ಕಿವಿಗೆ ಹಿಡಿದು ಅಲ್ಲಾಡಿಸುತ್ತಿದ್ದರು. ಒಳಗೆ ಬೀಜ ಲೊಟಲೊಟ ಅಂದರೆ ಬಲಿತಿದೆ ಎಂದು ಲೆಕ್ಕ. ಆಮೇಲೆ ಮಂಚದ ಕೆಳಗೆ ರಾಗಿ ಹುಲ್ಲು ಹಾಸಿ ಸಾಲಾಗಿ ಮಲಗಿಸುತ್ತಿದ್ದರು. ನಮ್ಮ ಹೊಸ ಮದುವೆಯ ಮಂಚದ ಕೆಳಗೂ ಬೆಣ್ಣೆಹಣ್ಣೇ. ಬಾಗಿಲು ತಟ್ಟಿ ಒಳಗೆ ಬಂದು, ಬಗ್ಗಿ, ಒತ್ತಿ ನೋಡಿ ಹೋಗುತ್ತಿದ್ದರು ಪುಣ್ಯಾತ್ಗಿತ್ತಿ. ಯಾರ ಹತ್ತಿರ ಹೇಳಿಕೊಳ್ಳಲಿ!

ಹಣ್ಣಾದದ್ದನ್ನು ಇವತ್ತಿಗೆ, ನಾಳೆಗೆ, ನಾಡಿದ್ದಿಗೆ ಎಂದು ಮೂರು ಬುಟ್ಟಿ ಮಾಡಿಕೊಂಡು ಎಲೆಕ್ಟ್ರಾನಿಕ್ ಸಿಟಿಯ ಜ್ಯೂಸ್ ಅಂಗಡಿಗಳಿಗೆ ಕೊಡುತ್ತಿದ್ದರು. ಆ ದುಡ್ಡು ಅವರದು. ಎಲೆಅಡಿಕೆ, ಮಂಡಿನೋವಿನ ಎಣ್ಣೆ, ಗೌರಿ ಹಬ್ಬಕ್ಕೆ ಹೆಣ್ಣುಮಕ್ಕಳಿಗೆ ಬಾಗಿನ, ನನ್ನ ಮಗಳಿಗೆ ಕಾಲೇಜಿನ ಬ್ಯಾಗು, ಎಲ್ಲ ಅದರಲ್ಲೇ. ಸರ್ಕಾರದಿಂದ ಬರುವ ಪಿಂಚಣಿಯನ್ನು ಮನೆ ಖರ್ಚಿಗೆಂದು ನನ್ನ ಕೈಗೇ ಕೊಟ್ಟುಬಿಡುತ್ತಿದ್ದರು. ಗಂಡ ಹೋದ ಮೇಲೆ ಇಷ್ಟು ವರ್ಷದಲ್ಲಿ ಅವರು ಮಗನ ಮುಂದಾಗಲಿ, ನನ್ನ ಮುಂದಾಗಲಿ ಒಂದು ದಿನ ಕೈ ಚಾಚಲಿಲ್ಲ. ಅದರ ಜಂಬ ಸ್ವಲ್ಪ ಹೆಚ್ಚೇ ಇತ್ತು. ನನಗೆ ಎಷ್ಟೋ ಸಲ ಸಿಟ್ಟೂ ಬರುತ್ತಿತ್ತು. ಆದರೂ ಒಪ್ಪಬೇಕು, ಆ ಜಂಬದಿಂದಲೇ ಅವರು ನೆಟ್ಟಗೆ ನಡೆಯುತ್ತಿದ್ದರು.

ಹಿಂದೆ ನಮ್ಮ ಬೀದಿಯಲ್ಲಿ ಎಲ್ಲರ ಹಿತ್ತಿಲಲ್ಲೂ ಇಂಥದ್ದೊಂದು ಇತ್ತು. ಒಬ್ಬರದು ಸೀಬೆ, ಒಬ್ಬರದು ದ್ರಾಕ್ಷಿ ಚಪ್ಪರ. ಆಮೇಲೆ ಗಾಡಿಯವರು, ಅಂಗಡಿಯವರು ಒಬ್ಬೊಬ್ಬರಾಗಿ ಬರುವುದು ಬಿಟ್ಟರು. ಬೀಜವಿಲ್ಲದ ದ್ರಾಕ್ಷಿ ಹೊರಗಿಂದ ಬಂತು, ಬೋಗುಣಿಯಷ್ಟು ದಪ್ಪದ ಸೀಬೆ ಎಲ್ಲಿಂದಲೋ ಬಂತು. ಜನ ಮರ ಕಡಿಸಿ ರೂಮು ಕಟ್ಟಿಸಿದರು. ಈಗ ಆ ರೂಮುಗಳಲ್ಲಿ ನನ್ನ ಜೊತೆ ಗೋಡೌನಿಗೆ ಬರುವ ಹೆಂಗಸರು ಬಾಡಿಗೆಗಿದ್ದಾರೆ. ಬುಟ್ಟಿ ಹೆಣೆಯುವವರು ಕಾಣಿಸುವುದಿಲ್ಲ. ಮರ ಹತ್ತುವವನು ಅಪಾರ್ಟ್‌ಮೆಂಟಿನ ಗೇಟಿನಲ್ಲಿ ಸೆಕ್ಯೂರಿಟಿಯಾದ. ವಾರದ ರಜೆಯಲ್ಲಿ ಬಂದು ಅತ್ತೆಯ ಮರವೊಂದನ್ನೇ ಹತ್ತುತ್ತಿದ್ದ. ಯಾರನ್ನು ಬೈಯಬೇಕು ಹೇಳಿ? ಬೈದರೆ ನನ್ನ ಸಂಬಳವನ್ನೇ ಬೈದ ಹಾಗೆ. ನನ್ನ ಗಂಡ ಮಾತ್ರೆ ಕಂಪನಿಯಲ್ಲಿ ಶಿಫ್ಟ್ ಮಾಡುತ್ತಾರೆ, ಅವರೊಬ್ಬರ ದುಡಿಮೆಯಲ್ಲಿ ಮನೆ ನಡೆಯುವುದಿಲ್ಲ.

ಗೋಡೌನಿಗೆ ಸೇರಿದ ಹೊಸದರಲ್ಲಿ ಅತ್ತೆ ಒಂದು ದಿನ ಕೇಳಿದ್ದರು.

“ಏನಮ್ಮಿ, ನಿಮ್ ಗೋಡೌನ್‌ಗೆ ಬೆಣ್ಣೆಅಣ್ಣೂ ಬತ್ತದಾ?”

“ಬರುತ್ತೆ ಕಣತ್ತೆ. ಆಫ್ರಿಕಾ ಕಡೆಯಿಂದ ಜಾಸ್ತಿ.”

“ಅಷ್ಟು ದೂರದಿಂದಾ? ಕೊಳ್ತು ನಾರಾಕಿಲ್ವಾ?” ಎಂದು ಅವರು ಬಾಯಿಗೆ ಸೆರಗು ಹಿಡಿದು ನಕ್ಕಿದ್ದರು. ಗೋಡೌನಿನಿಂದ ಒಂದು ಹಣ್ಣೂ ಹೊರಗೆ ತರುವ ಹಾಗಿಲ್ಲ, ಗೇಟಿನಲ್ಲಿ ಚೀಲ ತಡಕುತ್ತಾರೆ. ಹಾಗಾಗಿ ಅದು ಹೇಗಿರುತ್ತದೆಂದು ಅವರು ನೋಡಿಯೇ ಇರಲಿಲ್ಲ.

ಕಳೆದ ಮಳೆಗಾಲದ ಒಂದು ಸಂಜೆ ನಾನು ಶಿಫ್ಟ್ ಮುಗಿಸಿ ಬಂದಾಗ ಅತ್ತೆ ಜಗಲಿಯ ಮೇಲೆ ಕೂತು ಎಲೆಗೆ ಸುಣ್ಣ ಸವರುತ್ತಿದ್ದರು. ಮುಖದಲ್ಲಿ ಏನೋ ಕಳೆ.

“ಇವತ್ತೊಂದು ಪುಣ್ಯದ ಕೆಲ್ಸ ಮಾಡ್ಬುಟ್ ಬಂದೆ ಕಣಮ್ಮಿ” ಎಂದರು. “ಆ ಜೂಸಂಗಡಿಯೋನಿಗೆ ಯಾವನೋ ಸರ್ಯಾಗಿ ನಾಮ ಹಾಕವ್ನೆ. ಒಂದು ಪೆಟ್ಗೆ ಬೆಣ್ಣೆಅಣ್ಣು, ಎಲ್ಲಾ ಕರ‍್ರಗೆ ಇದ್ಲು ಇದ್ದಂಗೆ. ಮುಟ್ಟಿದ್ರೆ ಮೆತ್ತಗೆ. ಅಂತಾದ್ದ ರುಬ್ಬಿ ಜನಕ್ಕೆ ಕುಡಿಸಿದ್ರೆ ಅಂಗ್ಡಿ ಮರ್ವಾದೆ ಉಳೀತದಾ?”

ನನಗೆ ಆಗಲೇ ಅರ್ಥವಾಯಿತು. ಅವರ ಮರದ ಹಣ್ಣು ಪೂರ್ತಿ ಹಣ್ಣಾದರೂ ಹಸಿರೇ. ಕಪ್ಪಾಯಿತೆಂದರೆ ಕೊಳೆಯಿತೆಂದೇ ಅರ್ಥ. ಆದರೆ ಹೊರಗಿಂದ ಬರುವ ಹಣ್ಣಿನ ಜಾತಿಯೇ ಬೇರೆ, ಸಿಪ್ಪೆ ಕಪ್ಪಾದಾಗಲೇ ಅದು ಹದಕ್ಕೆ ಬಂದಿರುತ್ತದೆ. ಅಂಥ ಪೆಟ್ಟಿಗೆಗಳನ್ನು ನಾನೇ ದಿನಾ ತುಂಬಿ ಕಳಿಸುತ್ತೇನೆ.

“ಅದನ್ನ ಏನ್ ಮಾಡಿದ್ರಿ ಅತ್ತೆ?”

“ಹಾಲು ತತ್ತೀನಿ, ಒಸಿ ಅಂಗ್ಡಿ ನೋಡ್ಕೊ ಅಜ್ಜಿ ಅಂತ ಅವ್ನು ಓಗಿದ್ದ. ಅಷ್ಟ್ರಲ್ಲಿ ಕಸದ ಆಟೋ ಬಂತಲ್ಲ, ಎಲ್ಲಾನೂ ಸುರುದ್ಬುಟ್ಟೆ. ಪೆಟ್ಗೆ ತೊಳ್ದು ನಮ್ ಮರದ್ದ ತುಂಬಿಟ್ಟೆ.”

“ಅವನು ಬಂದು ಏನಂದ?”

“ಏನೂ ಅನ್ನಲಿಲ್ಲ. ಬಾಯಿ ಬುಟ್ಕೊಂಡು ನಿಂತ. ಪಾಪ, ಮೋಸ ಓಗಿದ್ದು ಆಗ್ಲೇ ಗೊತ್ತಾಗಿರ್ಬೇಕು ಅವ್ನಿಗೆ.”

ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಕಾಲು ತೊಳೆಯದೆ, ಕಾಫಿಯನ್ನೂ ಕುಡಿಯದೆ, ಈಗ ಬಂದೆ ಎಂದು ಹೇಳಿ ಎಲೆಕ್ಟ್ರಾನಿಕ್ ಸಿಟಿಯ ಬಸ್ಸು ಹತ್ತಿದೆ. ಮೇಲುಸೇತುವೆಯ ಕೆಳಗೆ ಟ್ರಾಫಿಕ್ಕಿನಲ್ಲಿ ನಿಂತ ಬಸ್ಸು ಅಲ್ಲಾಡುವುದೇ ಇಲ್ಲ. ಬೆಳಗಿನಿಂದ ನಿಂತು ಸೋತ ಕಾಲು, ಬಸ್ಸಿನಲ್ಲೂ ನಿಂತೇ ಹೋಯಿತು. ದೇವರೇ, ನನಗೇ ಯಾಕೆ ಈ ಪಾಡು ಎಂದು ಬೈದುಕೊಂಡೆ.

ಆ ಜ್ಯೂಸ್ ಅಂಗಡಿ ಒಂದು ಕಂಪನಿಯ ಗೇಟಿನ ಎದುರಿಗಿದೆ. ಬೇರೆ ಅಂಗಡಿಯವರೆಲ್ಲ ಬಿಟ್ಟ ಮೇಲೂ ಅತ್ತೆಯ ಹಣ್ಣು ತೆಗೆದುಕೊಳ್ಳುತ್ತಿದ್ದವನು ಅವನೊಬ್ಬನೇ. ಹಾಸನದ ಕಡೆಯವನು, ನನಗಿಂತ ಸ್ವಲ್ಪ ಚಿಕ್ಕವನು. ನನ್ನನ್ನು ನೋಡಿದವನೇ ಮಿಕ್ಸಿ ನಿಲ್ಲಿಸಿದ.

“ತಪ್ಪಾಯ್ತಣ್ಣ” ಎಂದೆ. “ಕಪ್ಪಗಿರೋದು ಕೊಳೆತಿದೆ ಅನ್ಕೊಂಡ್‌ಬಿಟ್ರು. ಎಷ್ಟಾಗುತ್ತೆ ಹೇಳಿ, ಸಂಬಳ ಬಂದ ತಕ್ಷಣ ಕೊಡ್ತೀನಿ.”

“ಅಯ್ಯೋ ಬಿಡಿ ಅಕ್ಕ. ಅಜ್ಜಿ ಹತ್ರ ದುಡ್ಡಿಸ್ಕೊಂಡ್ರೆ ನಂಗೆ ಊಟ ಇಳಿಯುತ್ತಾ?” ಎಂದ. ಆಮೇಲೆ ಕೈಯನ್ನು ಬಟ್ಟೆಗೆ ಒರೆಸಿಕೊಂಡು, “ಒಂದ್ ಮಾತ್ ಹೇಳ್ತೀನಿ, ಬೇಜಾರ್ ಮಾಡ್ಕೋಬೇಡಿ. ಹೋದ್ ವರ್ಷದಿಂದಾನೇ ಅಜ್ಜಿ ಹಣ್ಣು ನಾನು ಅಂಗಡೀಲಿ ಹಾಕ್ತಿಲ್ಲ” ಎಂದ.

“ಮತ್ತೆ ತಗೊಳ್ತಾ ಇದ್ರಲ್ಲ?”

“ಮುಖ ನೋಡಿ ಬೇಡ ಅನ್ನೋಕಾಗ್ಲಿಲ್ಲ. ತಗೊಂಡು ಮನೆ ಹತ್ರ ಹಂಚ್ತಿದ್ದೆ. ಅಜ್ಜಿ ಹಣ್ಣು ಒಂದೊಂದು ಗಟ್ಟಿ, ಒಂದೊಂದು ನೀರು. ಮೊಬೈಲಲ್ಲಿ ಆರ್ಡರ್ ಮಾಡೋರಿಗೆ ದಿನಾ ಒಂದೇ ಥರ ಇರ್ಬೇಕು, ಇಲ್ಲಾಂದ್ರೆ ಒಂದು ಸ್ಟಾರ್ ಕೊಟ್ಟು ಮುಗಿಸ್ತಾರೆ ನನ್ನ. ಈ ಫಾರಿನ್ ಹಣ್ಣಾದ್ರೆ ವರ್ಷ ಪೂರ್ತಿ ಬರುತ್ತೆ, ಫೋನ್ ಮಾಡಿದ್ರೆ ಅಂಗಡಿಗೇ ತಂದು ಇಳಿಸ್ತಾರೆ. ಈಗ ಬಾಡಿಗೆ ಬೇರೆ ಏರಿಸಿದಾರೆ ಅಕ್ಕ. ನಂಗೂ ಆಗ್ತಿಲ್ಲ. ನೀವೇ ಹೇಗಾದ್ರೂ ಅಜ್ಜಿಗೆ ಹೇಳ್ಬಿಡಿ.”

ಫ್ರಿಜ್ಜಿನಲ್ಲಿ ಉಳಿದಿದ್ದ ಒಂದು ಕಪ್ಪು ಹಣ್ಣನ್ನು ತೆಗೆದು ನನ್ನ ಕೈಗಿಟ್ಟ, ತೋರಿಸಿ ಹೇಳಿ, ಅರ್ಥ ಆಗುತ್ತೆ ಎಂದ. ಒಳ್ಳೆಯವನೇ. ಅವನ ಮೇಲೆ ಸಿಟ್ಟು ಮಾಡಿಕೊಳ್ಳೋಣವೆಂದರೂ ಎಡೆ ಸಿಗಲಿಲ್ಲ. ಹಣ್ಣು ತುಂಬಿ ಕಳಿಸುವುದೂ ನಾನೇ, ಅದು ನಿಮ್ಮ ಅನ್ನ ಕಿತ್ತುಕೊಂಡಿತೆಂದು ಅತ್ತೆಗೆ ಹೇಳುವುದೂ ನಾನೇ. ಬಸ್ಸಿನಲ್ಲಿ ಬರುವಾಗ ನನಗೆ ಯಾವ ಮಾತೂ ಹೊಳೆಯಲಿಲ್ಲ, ಬರೀ ನಿದ್ದೆ ಬರುತ್ತಿತ್ತು.

ಮನೆಗೆ ಬಂದು ಹಣ್ಣನ್ನು ಅತ್ತೆಯ ಮುಂದೆ ಇಟ್ಟೆ. ಇದು ಕೊಳೆತದ್ದಲ್ಲ ಅತ್ತೆ, ಇದರ ಬಣ್ಣವೇ ಹೀಗೆ ಎಂದೆ. ಅವರು ನಂಬಲಿಲ್ಲ. ಚಾಕು ತಂದು ನಾನೇ ಕೊಯ್ದೆ. ಒಳಗೆ ಹಳದಿ ಬೆಣ್ಣೆ, ಒಂದು ನಾರಿಲ್ಲ, ಒಂದು ಕಲೆಯಿಲ್ಲ. ಅತ್ತೆ ಎರಡು ಹೋಳನ್ನೂ ಬೆಳಕಿಗೆ ಹಿಡಿದು ನೋಡಿದರು. ಬೆರಳಿನಿಂದ ಸ್ವಲ್ಪ ತೆಗೆದು ಬಾಯಿಗಿಟ್ಟುಕೊಂಡರು. ಅವರು ಥೂ ಎಂದು ಉಗುಳಲಿ, ನಮ್ಮದರ ಮುಂದೆ ಇದ್ಯಾವ ಲೆಕ್ಕ ಎನ್ನಲಿ ಎಂದು ನಾನು ಕಾಯುತ್ತಿದ್ದೆ.

“ಚೆನ್ನಾಗದೆ” ಎಂದರು. “ನಮ್ದಕ್ಕಿಂತ ಗಟ್ಟಿ. ನೀರಿಲ್ಲ.”

ಆಮೇಲೆ ಕಸದ ಆಟೊಗೆ ಸುರಿದದ್ದು ನೆನಪಾಗಿರಬೇಕು, “ಅಯ್ಯಯ್ಯೋ, ಒಂದು ಪೆಟ್ಗೆ ಅಣ್ಣು!” ಎಂದು ತಲೆ ಮೇಲೆ ಕೈ ಹೊತ್ತರು. ದುಡ್ಡು ಕೇಳಲಿಲ್ಲ ಎಂದೆ. ಇನ್ನು ಮೇಲೆ ಹಣ್ಣು ಬೇಡವಂತೆ ಎಂದೂ ಹೇಳಿದೆ. ಮನೆಗೆ ಒಯ್ದು ಹಂಚುತ್ತಿದ್ದ ವಿಷಯ ನುಂಗಿಕೊಂಡೆ. ಆದರೆ ಅದನ್ನು ಅವರೇ ಎತ್ತಿದರು.

“ಓದ್ ವರ್ಸದಿಂದ ಅವ್ನು ಬುಟ್ಟೀಗೆ ಕೈ ಹಾಕಿ ನೋಡ್ತಾನೇ ಇರ್ಲಿಲ್ಲ. ಅಂಗೇ ಎತ್ತಿ ಒಳಗಿಡ್ತಿದ್ದ. ನನ್ ಮೇಲೆ ನಂಬ್ಕೆ ಅನ್ಕೊಂಡಿದ್ದೆ ಕಣಮ್ಮಿ” ಎಂದು ನನ್ನ ಮುಖ ನೋಡಿದರು. ನಾನು ಚಾಕು ತೊಳೆಯುವ ನೆಪ ಮಾಡಿ ಎದ್ದುಹೋದೆ.

ಆ ವಾರ ಮರ ಹತ್ತುವವನಿಗೆ ಬರಬೇಡವೆಂದು ಹೇಳಿ ಕಳಿಸಿದರು. ಬಲಿತ ಕಾಯಿಗಳು ಕೊಂಬೆಯಲ್ಲೇ ಉಳಿದವು. ಗಾಳಿ ಬಂದಾಗ ಪಕ್ಕದ ಮನೆಯ ಶೀಟಿನ ಮೇಲೆ ಧಡ್ಡೆಂದು ಬಿದ್ದು, ಅವರು ಜಗಳಕ್ಕೆ ಬಂದರು. ನನ್ನ ಗಂಡ ಅದನ್ನೇ ಹಿಡಿದುಕೊಂಡು, “ಕಡಿಸಿ ನಾಲ್ಕು ರೂಮ್ ಹಾಕ್ಸೋಣ ಕಣವ್ವ, ನಿಂಗೂ ತಿಂಗಳಾ ತಿಂಗಳಾ ಕೈಗೆ ಕೊಡ್ತೀನಿ” ಎಂದರು. ಈ ಮಾತನ್ನು ಅವರು ಮೊದಲೂ ಆಡಿದ್ದುಂಟು. ಆಗೆಲ್ಲ ಅತ್ತೆ ಪೊರಕೆ ಎತ್ತಿಕೊಂಡು ಬರುತ್ತಿದ್ದರು. ನಿಮ್ಮಪ್ಪನ ಕೈ ಕಡೀತೀಯೇನ್ಲಾ ಎಂದು ಬೀದಿಗೆ ಕೇಳುವ ಹಾಗೆ ಕೂಗುತ್ತಿದ್ದರು. ಈ ಸಲ ಸುಮ್ಮನೆ ಮುದ್ದೆ ಮುರಿದು ನುಂಗಿದರು. ಗಂಡನಿಗೆ ಅದು ಒಪ್ಪಿಗೆಯಂತೆ ಕಂಡಿತು. ನನಗೆ ಮಾತ್ರ ಹೆದರಿಕೆಯಾಯಿತು. ಬೈಯುವ ಅತ್ತೆಯ ಜೊತೆ ಇಷ್ಟು ವರ್ಷ ಬಾಳಿದ್ದೇನೆ, ಬೈಯದ ಅತ್ತೆಯ ಜೊತೆ ಹೇಗೆ ಬಾಳಬೇಕೆಂದು ಗೊತ್ತಿರಲಿಲ್ಲ.

ಮರುದಿನ ನಾನು ಸೊಪ್ಪು ಬಿಡಿಸುತ್ತಿದ್ದಾಗ ಪಕ್ಕದಲ್ಲಿ ಬಂದು ಕೂತರು. ತಾವೂ ಒಂದು ಹಿಡಿ ಎಳೆದುಕೊಂಡು ಬಿಡಿಸತೊಡಗಿದರು.

“ನಿಮ್ ಗೋಡೌನ್‌ನಲ್ಲಿ ನಂಗೇನಾದ್ರೂ ಕೆಲ್ಸ ಸಿಕ್ತದಾ?”

ತಮಾಷೆಯೆಂದುಕೊಂಡು ಮುಖ ನೋಡಿದೆ. ತಮಾಷೆಯಲ್ಲ.

“ಕೆಟ್ಟದ್ದು ಒಳ್ಳೇದು ಆರ್ಸೋ ಕೆಲ್ಸ ತಾನೇ? ಅದು ನಂಗೂ ಬತ್ತದೆ. ಈ ಕರೇ ಅಣ್ಣಿಂದೂ ಈಗ ಗೊತ್ತಾಯ್ತಲ್ಲ, ಕಲ್ತ್ಕೊತೀನಿ. ಕೂಲಿ ಕಮ್ಮಿ ಆದ್ರೂ ಚಿಂತಿಲ್ಲ.”

“ಅಲ್ಲಿ ಚಳಿ ಕಣತ್ತೆ. ದಿನ ಪೂರ್ತಿ ನಿಂತೇ ಇರ್ಬೇಕು.”

“ನಿಂತ್ಕೋತೀನಿ.”

ವಯಸ್ಸಾದವರನ್ನು ತೆಗೆದುಕೊಳ್ಳುವುದಿಲ್ಲ ಎಂದು ಒಂದೇ ಮಾತಿನಲ್ಲಿ ಮುಗಿಸಬಹುದಿತ್ತು. ಕೇಳಿ ನೋಡುತ್ತೇನೆ ಎಂದುಬಿಟ್ಟೆ. ಕೇಳಲಿಲ್ಲ. ಮರೆಯಲಿ ಎಂದು ದಿನ ತಳ್ಳಿದೆ. ಅವರು ಮತ್ತೆ ಕೇಳಲೂ ಇಲ್ಲ. ಆದರೆ ಒಂದು ಬೆಳಿಗ್ಗೆ ನಾನು ವ್ಯಾನು ಹಿಡಿಯಲು ಕ್ರಾಸಿಗೆ ಹೋದರೆ, ಅತ್ತೆ ನನಗಿಂತ ಮುಂಚೆಯೇ ಹೋಗಿ ನಿಂತಿದ್ದರು. ಹಬ್ಬದ ಸೀರೆ, ಅದರ ಮೇಲೆ ನನ್ನ ಗಂಡನ ಹಳೆಯ ಸ್ವೆಟರ್, ಕಾಲಿಗೆ ಮೊಮ್ಮಗಳ ಸಾಕ್ಸ್. ಕೈಯಲ್ಲಿ ಊಟದ ಡಬ್ಬಿ. ವ್ಯಾನಿನ ಹೆಂಗಸರು ಮುಸಿಮುಸಿ ನಕ್ಕು, ಆಮೇಲೆ ನನ್ನ ಮುಖ ನೋಡಿ ಸುಮ್ಮನಾದರು. ಒಬ್ಬಳು ಎದ್ದು ಕಿಟಕಿಯ ಪಕ್ಕದ ಸೀಟು ಬಿಟ್ಟುಕೊಟ್ಟಳು.

ಗೇಟಿನವರು ತಡೆದು ಸೂಪರ್‌ವೈಸರನ್ನು ಕರೆಸಿದರು. ಬಂದವಳು ಹೆಚ್ಚು ಕಡಿಮೆ ನನ್ನ ಮಗಳ ವಯಸ್ಸಿನ ಹುಡುಗಿ. ಅತ್ತೆ ಸೆರಗಿನ ಗಂಟು ಬಿಚ್ಚಿ ಆಧಾರ್ ಕಾರ್ಡ್ ಕೊಟ್ಟರು. ಹುಡುಗಿ ಅದನ್ನು ನೋಡಿದಳು, ಅತ್ತೆಯನ್ನು ನೋಡಿದಳು, ಕೊನೆಗೆ ನನ್ನನ್ನು ನೋಡಿ, “ಏನಕ್ಕ ಇದು? ನಿಮಗೆ ರೂಲ್ಸ್ ಗೊತ್ತಿಲ್ವಾ?” ಎಂದು ಮೆಲ್ಲಗೆ ಕೇಳಿದಳು. ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು ನನಗೆ.

“ಒಂದಿನ ನೋಡವ್ವ” ಎಂದರು ಅತ್ತೆ ಅವಳಿಗೆ. “ಆಗ್ನಿಲ್ಲ ಅಂದ್ರೆ ನಾನೇ ಓಯ್ತೀನಿ. ಈ ಅಣ್ಣು ನಂಗೆ ಹೊಸ್ದಲ್ಲ.”

“ಆಗಲ್ಲ ಅಜ್ಜಿ. ನನ್ ಕೈಲಿಲ್ಲ.” ಹುಡುಗಿಯ ಮುಖ ಸಣ್ಣದಾಯಿತು. ಅತ್ತೆ ಕಾರ್ಡನ್ನು ಮತ್ತೆ ಗಂಟು ಕಟ್ಟತೊಡಗಿದರು. ಗಂಟು ಸರಿಯಾಗಿ ಬೀಳಲಿಲ್ಲ, ನಾನು ಕಟ್ಟಿಕೊಟ್ಟೆ. ಅಷ್ಟರಲ್ಲಿ ಹುಡುಗಿ ಒಳಗೆ ಓಡಿಹೋಗಿ ಒಂದು ಬಲೆಚೀಲ ತಂದಳು. ಒಳಗೆ ಕಪ್ಪಗೆ ಹೊಳೆಯುವ ಬೆಣ್ಣೆಹಣ್ಣು. “ಮನೇಲಿ ತಿನ್ನಿ ಅಜ್ಜಿ, ಗೇಟಲ್ಲಿ ನಾನು ಹೇಳ್ತೀನಿ” ಎಂದು ಅತ್ತೆಯ ಕೈಗೆ ಕೊಟ್ಟಳು. ಪಾಪದ ಹುಡುಗಿ, ಅವಳಿಗೇನು ಗೊತ್ತು. ಬೇಡ ಎಂದು ಕಿತ್ತು ವಾಪಸು ಕೊಡೋಣ ಅಂದುಕೊಂಡೆ. ಅಷ್ಟರಲ್ಲಿ ಅತ್ತೆ ಎರಡೂ ಕೈಯಲ್ಲಿ ತೆಗೆದುಕೊಂಡಾಗಿತ್ತು.

ಆ ದಿನದ ಸಂಬಳ ಹೋದರೆ ಹೋಗಲಿ ಎಂದು ರಜೆ ಹೇಳಿ ಅವರನ್ನು ಕರೆದುಕೊಂಡು ಬಸ್ಸು ಹತ್ತಿದೆ. ಅತ್ತೆ ಬಲೆಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತರು. ಅವರ ಆಚೆ ಬದಿಗೆ ಕೊರಳಿಗೆ ಐಡಿ ಕಾರ್ಡ್ ಹಾಕಿಕೊಂಡ ಹುಡುಗಿಯೊಬ್ಬಳು ಕೂತಿದ್ದಳು. ಅವಳು ಚೀಲವನ್ನೇ ನೋಡುತ್ತಿದ್ದು, ಸ್ವಲ್ಪ ಹೊತ್ತಿನ ಮೇಲೆ ಮಾತು ತೆಗೆದಳು.

“ಅಜ್ಜಿ, ಬಟರ್ ಫ್ರೂಟ್ ಅಲ್ವಾ? ತುಂಬಾ ಕಾಸ್ಟ್ಲಿ ಇದು. ನಮ್ ಕಡೆಯೆಲ್ಲಾ ಬೆಳೆಯಲ್ಲ ಅಲ್ವಾ?”

ಮನೆಯ ಹಿಂದೆ ನಾಲ್ಕು ಮರಗಳ ತುಂಬ ಕಾಯಿ ಜೋತಾಡುತ್ತಿತ್ತು. ಈಗ ಅವಳಿಗೆ ಗ್ರಹಚಾರ ಬಿಡಿಸುತ್ತಾರೆ ಎಂದು ನಾನು ಅತ್ತೆಯ ಕಡೆ ತಿರುಗಿದೆ.

“ಇಲ್ಲ ಕಣವ್ವ” ಎಂದರು ಅತ್ತೆ. “ನಮ್ ಕಡೆ ಬೆಳ್ಯಾಕಿಲ್ಲ.”